ಕೇಳಿದ್ದೊಂದು, ಹೇಳಿದ್ದೊಂದು

“ನಿನ್ನ ಅಂಕಪಟ್ಟಿ ಎಲ್ಲಿ?” ಎಂದು ತಾಯಿ ಕೇಳುತ್ತಾಳೆ. “ಎದುರುಮನೆಯ ಹುಡುಗ ಎರಡು ವಿಷಯಗಳಲ್ಲಿ ನಪಾಸಾಗಿದ್ದಾನಮ್ಮಾ” ಎಂದು ಮಗನ ಉತ್ತರ. ಮಾತು ಸುಳ್ಳಲ್ಲ, ಕೇಳಿದ್ದಕ್ಕೂ ಹೇಳಿದ್ದಕ್ಕೂ ಮಾತ್ರ ಸಂಬಂಧವಿಲ್ಲ. ತಾಯಿ ಮುಗುಳ್ನಕ್ಕು, “ಅದಿರಲಿ, ನಿನ್ನದೆಲ್ಲಿ?” ಎನ್ನುತ್ತಾಳೆ. ವಾದ ಅಲ್ಲಿಗೆ ಮುಗಿಯುತ್ತದೆ.

ಮನೆಯಲ್ಲಿ ನಡೆಯದ ಈ ಉಪಾಯ ರಾಜಕೀಯದ ವೇದಿಕೆಯ ಮೇಲೆ ಸೊಗಸಾಗಿ ನಡೆಯುತ್ತದೆ. ಪ್ರಾಚೀನ ನೈಯಾಯಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸತ್ಯವನ್ನರಿಯಲು ನಡೆಯುವುದು ವಾದ. ಗೆಲ್ಲಲೆಂದೇ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನೇ ನಿಲ್ಲಿಸದೆ ಎದುರಾಳಿಯನ್ನು ಕೆಡಹುವುದು ವಿತಂಡ. ‘ನವ ಕಂಬಳಿ’ ಎಂದವನನ್ನು, ಹೊಸದೆಂಬ ಅರ್ಥ ಬಿಟ್ಟು, “ಒಂಬತ್ತು ಕಂಬಳಿಗಳೆಲ್ಲಿವೆ?” ಎಂದು ಕೆಣಕುವುದು ಛಲ. ಸಭೆ ನಗುತ್ತದೆ, ಚಳಿಯಲ್ಲಿ ನಡುಗುವವನು ನಡುಗುತ್ತಲೇ ಇರುತ್ತಾನೆ.

ಹೀಗೆ ನಡುಗಿದ ಊರುಗಳಲ್ಲಿ ಉತ್ತರ ಕನ್ನಡದ ಸೂಪೆಯೂ ಒಂದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂದಿತು. ಕಾರವಾರ, ಹಳಿಯಾಳ, ಸೂಪಾ ತನಗೆ ಸೇರಬೇಕೆಂದು ಮಹಾರಾಷ್ಟ್ರ ಪಟ್ಟು ಹಿಡಿಯಿತು. ಕೊಂಕಣಿ ಮರಾಠಿಯ ಉಪಭಾಷೆ ಎಂಬುದು ಅದರ ವಾದ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಸಲ್ಲಿಸಿದ ವರದಿಯಲ್ಲಿ ಈ ಬೇಡಿಕೆಯನ್ನು ಒಪ್ಪಲಿಲ್ಲ. 1975ರಲ್ಲಿ ಸಾಹಿತ್ಯ ಅಕಾಡೆಮಿಯೂ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯೂ ಕೊಂಕಣಿಗೆ ಸ್ವತಂತ್ರ ಸ್ಥಾನವನ್ನಿತ್ತವು. ಆದರೆ ಮರಾಠಿಯಲ್ಲವೆಂದ ಮಾತ್ರಕ್ಕೆ ಕೊಂಕಣಿ ಕನ್ನಡವಾಗುವುದೂ ಇಲ್ಲವಷ್ಟೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಈ ಜಗ್ಗಾಟದಲ್ಲಿ, ಆ ನುಡಿಯನ್ನಾಡುವವರು ಎರಡು ಕಡೆಗೂ ಸಾಕ್ಷಿಗಳಾದರು. ಅವರಿಗೇನು ಬೇಕೆಂಬುದು ಹಿಂದೆ ಸರಿಯಿತು.

ಗಡಿಯ ಮಾತು ನಡೆದಿರುವಾಗಲೇ ಊರನ್ನು ನೀರು ಕೊಂಡೊಯ್ದಿತು. ಕಾಳೀ ನದಿಗೆ ಅಡ್ಡವಾಗಿ 101 ಮೀಟರು ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಸೂಪಾ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಮನೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ಹೊಸ ಒಲೆ ಹೂಡಿದರು.

ಇಂಥವರಲ್ಲೊಬ್ಬ ಎದ್ದುನಿಂತು, “ನನ್ನ ಗದ್ದೆಗೆ ಬದಲು ಗದ್ದೆ ಎಲ್ಲಿ?” ಎಂದು ಕೇಳಿದನೆನ್ನಿ. ವೇದಿಕೆಯ ಉತ್ತರಗಳು ಎಲ್ಲರಿಗೂ ಪರಿಚಿತ. “ನಾಡಿಗೆ ವಿದ್ಯುತ್ತು ಬೇಡವೆ?” “ಶರಾವತಿಯವರು ಮನೆ ಬಿಡಲಿಲ್ಲವೆ?” “ಹಿಂದಿನವರು ಅಧಿಕಾರದಲ್ಲಿದ್ದಾಗ ಏಕೆ ಕೇಳಲಿಲ್ಲ?” “ನಿನ್ನ ಹಿಂದೆ ಯಾರಿದ್ದಾರೆ?”

ಇವುಗಳಲ್ಲಿ ಮೊದಲನೆಯದು ನಿಜ. ನಾಗಝರಿಯ ಯಂತ್ರಗಳು ತಿರುಗುವುದು ಕಾಳಿಯ ನೀರಿನಿಂದಲೇ. ಎರಡನೆಯದೂ ನಿಜ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಮನೆಗಳಿಗೆ ಲೆಕ್ಕವುಂಟೆ? ತೊಡಕಿರುವುದು ಇಲ್ಲಿಯೇ. ಸುಳ್ಳನ್ನಾದರೆ ಅಲ್ಲಗಳೆಯಬಹುದು, ಅಸ್ಥಾನದಲ್ಲಿ ಆಡಿದ ನಿಜವನ್ನು ಅಲ್ಲಗಳೆಯುವುದು ಹೇಗೆ? ಕೇಳಿದವನು ವಿದ್ಯುತ್ತು ಬೇಡವೆಂದಿರಲಿಲ್ಲ. ಶರಾವತಿಯವರ ದುಃಖವನ್ನೂ ಹೀಗಳೆದಿರಲಿಲ್ಲ. ಅವನು ಕೇಳಿದ್ದು ಒಂದು ಗದ್ದೆಯನ್ನು. ಉತ್ತರವಾಗಿ ದೊರೆತದ್ದು ಒಂದು ಭಾಷಣ. ಒಬ್ಬರ ನಷ್ಟ ಇನ್ನೊಬ್ಬರ ನಷ್ಟಕ್ಕೆ ಪರಿಹಾರವಾಗುವುದಾದರೆ ಲೋಕದಲ್ಲಿ ಯಾರಿಗೂ ಏನನ್ನೂ ಕೊಡಬೇಕಾಗಿಯೇ ಇಲ್ಲ.

ಈ ವಿತಂಡವನ್ನು ಗೆಲ್ಲಲು ಪಾಂಡಿತ್ಯ ಬೇಕಿಲ್ಲ, ಕೂಗಾಟವೂ ಬೇಕಿಲ್ಲ. ಭಾಷಣ ಮುಗಿದು ಚಪ್ಪಾಳೆ ಅಡಗಿದ ಮೇಲೆ, ಆ ತಾಯಿಯಂತೆ ಯಾರಾದರೊಬ್ಬರು ಸಮಾಧಾನದಿಂದ ಇನ್ನೊಮ್ಮೆ ಕೇಳಿದರೆ ಸಾಕು: “ಅದಿರಲಿ ಸ್ವಾಮಿ, ಗದ್ದೆ ಎಲ್ಲಿ?”