ಪಕ್ಕದ ಮನೆಯವರ ದೋಣಿಗೆ ಎರಡು ಆಸನ

ಹಿಂದಿನ ಆಸನದ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ಹಿಂದಕ್ಕೆ ಓಡುತ್ತದೆ. ಮುಂದಿನ ಆಸನದ ಮೇಲೆ ಇಟ್ಟರೆ ನಡುವೆ ನಿಲ್ಲುತ್ತದೆ. ಒಂದೇ ದೋಣಿ, ಒಂದೇ ಕೈಕೆಲಸ. ಒಂದು ಆಸನ ಮಟ್ಟಸ, ಇನ್ನೊಂದು ಮುಂದಕ್ಕೆ ಮುಕ್ಕಾಲು ಇಂಚು ವಾಲು. ಕೈತಪ್ಪಿ ಆದದ್ದಲ್ಲ. ಮುಂದಿನ ಎರಡು ಬೋಲ್ಟಿಗೆ ಉದ್ದದ ಮರದ ತುಂಡು, ಹಿಂದಿನ ಎರಡಕ್ಕೆ ಗಿಡ್ಡ ತುಂಡು ಎಂದು ಮೊದಲೇ ಕೊಯ್ದಿಟ್ಟಿದ್ದಾರೆ. ಕೂತವನನ್ನು ಜಾರಿಸುವ ಆಸನಕ್ಕೆ ಆರಾಮದ ಆಸನ ಎನ್ನುವವರನ್ನು ಈ ಊರಿಗೆ ಬಂದ ಮೇಲೇ ನೋಡಿದ್ದು.

ಈ ಊರು ಅಂದರೆ ಪೀಟರ್‌ಬರೋ. ಕೆನಡಾದ ಒಂಟಾರಿಯೋ ಪ್ರಾಂತ್ಯದ್ದು. ಮಗಳ ಮನೆ ಇಲ್ಲಿದೆ. ಬೇಸಿಗೆಗೆ ಬಂದ ನಮ್ಮಂಥ ಅಪ್ಪ ಅಮ್ಮಂದಿರಿಗೆ ಮಾಡಲು ಕೆಲಸ ಕಡಿಮೆ, ನೋಡಲು ಹೊತ್ತು ಬೇಕಾದಷ್ಟು. ಪಕ್ಕದ ಮನೆಯ ಗ್ಯಾರೇಜಿನಲ್ಲಿ ದೋಣಿ ಒಳಗಿದೆ, ಕಾರು ಹೊರಗಿದೆ. ಹದಿನಾರು ಅಡಿ ಉದ್ದದ ಕೆನೂ. ತೆಳ್ಳಗಿನ ಸೀಡರ್ ಪಟ್ಟಿಗಳ ಮೇಲೆ ಕ್ಯಾನ್ವಾಸ್ ಬಿಗಿದು ಬಣ್ಣ ಬಳಿದದ್ದು. ಆಸನಗಳು ಮಾತ್ರ ಕೊಳೆತು ಹೋಗಿದ್ದವು, ಯಜಮಾನರು ಹೊಸದು ಮಾಡುತ್ತಿದ್ದಾರೆ. ಬೇಲಿಯ ಈಚೆ ನಿಂತು ಇಣುಕುತ್ತಿದ್ದವನಿಗೆ ಅವರೇ ಒಂದು ಸ್ಟೂಲು ತಂದಿಟ್ಟರು. ಆಮೇಲೆ ನನಗೆ ಹಾಜರಿ ತಪ್ಪಿಸಲು ಮನಸ್ಸಾಗಲಿಲ್ಲ.

*

ಈ ಊರಿಗೇ ದೋಣಿಯ ಹುಚ್ಚು. ಪೀಟರ್‌ಬರೋ ಹೆಸರಿನ ಕೆನೂಗಳು ಒಂದು ಕಾಲಕ್ಕೆ ದೇಶ ದೇಶಕ್ಕೆ ಹೋಗುತ್ತಿದ್ದವು. ಅವನ್ನು ಮಾಡುತ್ತಿದ್ದ ಪೀಟರ್‌ಬರೋ ಕೆನೂ ಕಂಪನಿ 1961ರಲ್ಲಿ ಬಾಗಿಲು ಹಾಕಿತು. ದೋಣಿಗಳು ಈಗ ಕೆನಡಿಯನ್ ಕೆನೂ ಮ್ಯೂಸಿಯಮ್ಮಿನಲ್ಲಿವೆ. ಕೆರೆದಂಡೆಯ ಹೊಸ ಕಟ್ಟಡ 2024ರಲ್ಲಿ ತೆರೆಯಿತು, ಒಳಗೆ 600ಕ್ಕೂ ಹೆಚ್ಚು ದೋಣಿಗಳಿವೆ. ಮಗಳು ಕರೆದುಕೊಂಡು ಹೋಗಿದ್ದಳು. ಎಲ್ಲರೂ ದೋಣಿಯ ಸೊಬಗು ನೋಡುತ್ತಿದ್ದರೆ ನಾನು ಬಗ್ಗಿ ಬಗ್ಗಿ ಆಸನ ಹುಡುಕುತ್ತಿದ್ದೆ.

ಬರ್ಚ್ ಮರದ ತೊಗಟೆಯ ಹಳೆಯ ದೋಣಿಗಳಲ್ಲಿ ಆಸನವೇ ಇಲ್ಲ! ಈ ಅಂಚಿನಿಂದ ಆ ಅಂಚಿಗೆ ತೆಳ್ಳನೆಯ ಅಡ್ಡಪಟ್ಟಿಗಳಿವೆ. ಅವು ದೋಣಿ ಬಿರಿಯದಂತೆ ಹಿಡಿಯಲಿಕ್ಕೆ. ಮೇಲೆ ಕೂತರೆ ಮುರಿದಾವು. ಇಲ್ಲಿನ ಮೂಲನಿವಾಸಿಗಳು ದೋಣಿಯ ತಳದಲ್ಲೇ ಮಂಡಿಯೂರಿ, ಇಲ್ಲವೇ ಕಾಲು ಚಾಚಿ ಕೂತು ಹುಟ್ಟು ಹಾಕಿದವರು. ದೋಣಿಯಲ್ಲೇ ಬಾಳಿದ ಜನಕ್ಕೆ ಬೇಡವಾದ ಆಸನ ರಜಾದಿನ ಮಾತ್ರ ದೋಣಿ ಹತ್ತುವವರಿಗೆ ಬೇಕಾಯಿತು. ಕುರ್ಚಿಯ ಮೇಲೆ ಬೆಳೆದವರಿಗೆ ನೆಲ ದೂರ. ಒಂದೂವರೆ ಇಂಚಿನ ಮಣೆಯ ಮೇಲೆ ಉಂಡು ಬೆಳೆದ ನಾನು ಈ ವಿಷಯದಲ್ಲಿ ತೊಗಟೆ ದೋಣಿಯವರ ಪಕ್ಷ. ಆದರೆ ಈಗ ನನ್ನ ಮಂಡಿಯೂ ಆ ಪಕ್ಷ ಬಿಟ್ಟು ಕುರ್ಚಿಯ ಕಡೆ ಸೇರಿದೆ. ಇರಲಿ.

*

ಎತ್ತರದ ಲೆಕ್ಕ. ದೋಣಿಯ ತಳದಿಂದ ಆಸನಕ್ಕೆ 9-10 ಇಂಚು. ಹನ್ನೆರಡು ಮಾಡಿದರೆ ಕಾಲಿಗೆ ಸುಖ, ಮಂಡಿ ಅಷ್ಟು ಮೇಲೇಳುವುದಿಲ್ಲ. ಆದರೆ ಮನುಷ್ಯನ ಭಾರವೆಲ್ಲ ಸೊಂಟದ ಮೇಲೇ. ಅದು ಮೇಲೆ ಹೋದಷ್ಟೂ ದೋಣಿ ಹೊಯ್ದಾಡುತ್ತದೆ. ಹಾಗಾದರೆ ತಗ್ಗಿಸಿ ಅಂದೆ. ಯಜಮಾನರು ಮಂಡಿಯೂರಿ ತೋರಿಸಿದರು. ಬೂಟು ತೊಟ್ಟ ಪಾದ ಆಸನದ ಅಡಿಗೆ ಹೋಯಿತು. ಆಸನ ತೀರಾ ತಗ್ಗಿದ್ದರೆ ದೋಣಿ ಮಗುಚಿದಾಗ ಪಾದ ಅಲ್ಲೇ ಸಿಕ್ಕಿಕೊಳ್ಳುತ್ತದೆ, ತಲೆ ನೀರಿನಲ್ಲಿ. ಮೇಲೆ ಹೋದರೆ ಮಗುಚುವ ಭಯ, ಕೆಳಗೆ ಬಂದರೆ ಮಗುಚಿದ ಮೇಲಿನ ಭಯ. ನಡುವೆ ಉಳಿಯುವುದು ಒಂದು ಇಂಚಿನಷ್ಟು ಜಾಗ. ಅವರು ಸುಖ ಹುಡುಕುತ್ತಿರುವುದು ಆ ಒಂದು ಇಂಚಿನೊಳಗೆ.

ದಿಂಬು ಹಾಕಿಕೊಳ್ಳಬಾರದೇ? ಕೇಳಿದ್ದು ನಮ್ಮಾಕೆ, ನಾನಲ್ಲ. ದಿಂಬು ಅಂದರೆ ಮತ್ತೆ ಎರಡು ಇಂಚು ಎತ್ತರ, ಅದೂ ಒದ್ದೆಯಾದರೆ ಜಾರುವ ಎತ್ತರ.

*

ವಾಲಿನ ಗುಟ್ಟು ಗೊತ್ತಾದದ್ದು ಆ ಮಂಡಿಯೂರಿದ ಭಂಗಿಯಿಂದಲೇ. ಗಾಳಿ ಎದ್ದಾಗ, ನೀರು ಸೆಳೆಯುವಲ್ಲಿ, ಕೂತವರು ಮಂಡಿಗೆ ಇಳಿಯುತ್ತಾರೆ. ಕುಂಡೆ ಮಾತ್ರ ಆಸನದ ಮುಂದಂಚಿಗೆ ಒರಗಿರುತ್ತದೆ. ಮಂಡಿ ಎರಡು, ಕುಂಡೆ ಒಂದು, ಒಟ್ಟು ಮೂರು ಕಡೆ ಊರಿ ದೋಣಿ ಮೈಗೆ ಅಂಟಿದ ಹಾಗಾಗುತ್ತದೆ. ಆಗ ಆಸನ ಮಟ್ಟಸವಾಗಿದ್ದರೆ ಮುಂದಿನ ಪಟ್ಟಿ ಕೊಯ್ಯುತ್ತದೆ, ವಾಲಿದ್ದರೆ ಒರಗಲು ಹದವಾಗುತ್ತದೆ. ಅಂತೂ ಇದು ಪೂರಾ ಕೂರುವವರಿಗೆ ಮಾಡಿದ್ದಲ್ಲ, ಅರ್ಧ ಕೂರುವವರಿಗೆ ಮಾಡಿದ್ದು.

ಮಗಳು ಟಿವಿಯಲ್ಲಿ ಬಿಲ್ ಮೇಸನ್ ಅವರ ಹಳೆಯ ಚಿತ್ರ ಹಾಕಿ ತೋರಿಸಿದಳು. ಕೆನಡಾದವರಿಗೆ ಕೆನೂ ನಡೆಸುವುದನ್ನು ಚಿತ್ರ ಮತ್ತು ಪುಸ್ತಕಗಳಲ್ಲಿ ಕಲಿಸಿಕೊಟ್ಟವರು ಅವರು, 1988ರಲ್ಲಿ ತೀರಿಕೊಂಡರು. ಕೆಂಪು ದೋಣಿ. ಒಬ್ಬರೇ ಒಂದು ಪಕ್ಕಕ್ಕೆ ಮಂಡಿಯೂರಿ, ದೋಣಿಯನ್ನು ಆ ಕಡೆಗೆ ಬೇಕೆಂದೇ ವಾಲಿಸಿ ಹೋಗುತ್ತಾರೆ. ಆಸನ ಹಿಂದೆ ಖಾಲಿ ಬಿದ್ದಿದೆ! "ಅಪ್ಪ, ನೀರು ನೋಡಿ, ಆಸನ ಬಿಡಿ" ಅಂದಳು.

*

ಹಿಂದಿನ ಆಸನದ ಚೌಕಟ್ಟಿನ ಮರ ಆ್ಯಶ್. ಹಗುರ, ಬಾಗಿದರೂ ಮುರಿಯದು. ಹಾಕಿ ಸ್ಟಿಕ್ಕಿಗೆ, ಬೇಸ್‌ಬಾಲ್ ಬ್ಯಾಟಿಗೆ ಇಲ್ಲಿ ತಲೆಮಾರುಗಳ ಕಾಲ ಇದೇ ಬಳಕೆಯಲ್ಲಿತ್ತು. ಪೂರ್ವ ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಮತ್ತು ವಿಂಡ್ಸರ್ ಸುತ್ತಮುತ್ತ ಕಣ್ಣಿಗೆ ಬಿತ್ತು. ಅದರ ಮರಿಹುಳು ತೊಗಟೆಯ ಅಡಿ ಕೊರೆದು ಮರಕ್ಕೆ ನೀರು ಏರದಂತೆ ಮಾಡುತ್ತದೆ. ಅಂದಿನಿಂದ ಈ ಪ್ರಾಂತ್ಯದ ಆ್ಯಶ್ ಮರಗಳು ಸಾಲು ಸಾಲಾಗಿ ಒಣಗಿವೆ. ಯಜಮಾನರ ಹಲಗೆ ಸ್ವಂತ ಹಿತ್ತಲಿನ ಸತ್ತ ಮರದ್ದು. ಹುಳು ಕೊರೆದದ್ದು ತೊಗಟೆಯ ಅಡಿಯಲ್ಲಿ ಮಾತ್ರ, ಒಳಗಿನ ಮರ ಗಟ್ಟಿ ಅನ್ನುತ್ತಾರೆ. ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳಿಸಿದರು. ನಾನೂ ಬಡಿದೆ.

*

ಹಿಂದಿನ ಆಸನಕ್ಕೆ ಬೆತ್ತ. ಇದನ್ನು ನೋಡಿ ನನಗಾದ ಸಂತೋಷ ಅವರಿಗೆ ಅರ್ಥವಾಗಲಿಲ್ಲ. ಇಂಡೊನೇಷ್ಯಾ ಕಡೆಯ ಬೆತ್ತದ ಸಿಪ್ಪೆ, ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಹಾಕುತ್ತಾರೆ. ಚೌಕಟ್ಟಿನ ಸುತ್ತ ಮುಕ್ಕಾಲು ಇಂಚಿಗೊಂದರಂತೆ ತೂತುಗಳು. ಮೊದಲು ಮುಂದಿನಿಂದ ಹಿಂದಕ್ಕೆ ಒಂದು ಸಾಲು, ಅದರ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಮುಂದಿನಿಂದ ಹಿಂದಕ್ಕೆ, ನಾಲ್ಕನೆಯ ಸಾಲಿನಲ್ಲಿ ಹೆಣಿಗೆ ಶುರು. ಐದು ಮತ್ತು ಆರು ಮೂಲೆಯಿಂದ ಮೂಲೆಗೆ. ಆರನೆಯದು ಮುಗಿಯುವಾಗ ಎಂಟು ಮೂಲೆಯ ಕಣ್ಣುಗಳು ತಾವಾಗಿ ತೆರೆದುಕೊಳ್ಳುತ್ತವೆ. ಎಳೆದದ್ದು ಸಡಿಲವಾಗದಂತೆ ತೂತಿಗೆ ಗೂಟ ಜಡಿಯುತ್ತಾರೆ, ಅದೂ ಗಾಲ್ಫ್ ಚೆಂಡು ನಿಲ್ಲಿಸುವ ಮರದ ಗೂಟ. ಹೆಣೆಯುವಾಗ ತುಸು ಜೋಲುತ್ತಿದ್ದ ಜಾಲರಿ ಮರುದಿನ ಒಣಗಿ ಬಿಗಿದು, ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು. ಆಮೇಲೆ ವಾರ್ನಿಷ್, ಮೇಲೂ ಕೆಳಗೂ.

ನನ್ನ ನೌಕರಿಯ ಕುರ್ಚಿಗಳೂ ಇದೇ ಹೆಣಿಗೆಯವು. ಹರಿದಾಗ ಕಣ್ಣು ಕಾಣದ ಒಬ್ಬರು ಬರುತ್ತಿದ್ದರು. ಕಚೇರಿಗಳ ಬೆತ್ತ ಹೆಣೆಯುವ ಕೆಲಸ ಅಂಧರಿಗೆ ಕೊಡುವುದು ಆಗಿನ ರೂಢಿ. ಅವರ ಎಡಗೈ ಹೆಬ್ಬೆರಳು ತೂತು ಹುಡುಕಿ ಅಲ್ಲೇ ನಿಲ್ಲುತ್ತಿತ್ತು, ಬಲಗೈ ಬೆತ್ತ ತಂದು ಆ ಹೆಬ್ಬೆರಳ ಉಗುರಿಗೇ ತಾಗಿಸುತ್ತಿತ್ತು. ಮಾತು ನಿಲ್ಲಿಸುತ್ತಿರಲಿಲ್ಲ, ಲೆಕ್ಕವೂ ತಪ್ಪುತ್ತಿರಲಿಲ್ಲ. ಪಕ್ಕದ ಮನೆಯವರು ಕನ್ನಡಕದ ಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡೂ ಐದನೆಯ ಸಾಲಿನಲ್ಲಿ ಎರಡು ಸಲ ಬಿಚ್ಚಿದರು. ಆ ಕುರ್ಚಿಗಳ ಕಣ್ಣುಗಳಲ್ಲಿ ತಿಗಣೆ ಸಂಸಾರ ಹೂಡುತ್ತಿದ್ದುದನ್ನು ನಾನು ಇವರಿಗೆ ಹೇಳಲಿಲ್ಲ.

ತೂತು ತೂತಿನ ಜಾಲರಿ ಯಾಕೆ ಹಿತ? ಬರಿಯ ಹಲಗೆಯ ಮೇಲೆ ಕೂತಾಗ ಮೈಭಾರ ಕುಂಡೆಯೊಳಗಿನ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಬೆತ್ತ ಆ ಎರಡು ಕಡೆ ಬಗ್ಗಿ ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ಯಾರು ಕೂತರೂ ಅವರ ಮೂಳೆ ಇದ್ದಲ್ಲಿಗೆ ಬಗ್ಗುತ್ತದೆ. ನೀರೂ ನಿಲ್ಲದೆ ಇಳಿದುಹೋಗುತ್ತದೆ.

*

ಹಾಗಿದ್ದ ಮೇಲೆ ಮುಂದಿನ ಆಸನಕ್ಕೂ ಬೆತ್ತವೇ ಸರಿಯಲ್ಲವೇ? ಅಲ್ಲವಂತೆ. ಅದು ಯಜಮಾನರ ಹೆಂಡತಿಯ ಜಾಗ, ಆಕೆಗೆ ಗಟ್ಟಿ ಮರವೇ ಬೇಕು. ಬೆತ್ತದ ಮೇಲೆ ಅರ್ಧ ದಿನ ಕೂತರೆ ಅದರ ಅಚ್ಚು ಮೈಮೇಲೆ ಮೂಡುತ್ತದೆ ಎನ್ನುವುದು ಆಕೆಯ ದೂರು.

ಇಲ್ಲಿಂದ ಕೆಲಸ ಬೇರೆಯೇ ಆಯಿತು. ಪಾರ್ಸೆಲ್ ಪೆಟ್ಟಿಗೆಯ ಅಲೆಯಲೆಯ ರಟ್ಟನ್ನು ಬೆಂಚಿನ ಮೇಲಿಟ್ಟು ಆಕೆಯನ್ನು ಕೂರಿಸಿದರು. ಎದ್ದಾಗ ರಟ್ಟಿನಲ್ಲಿ ಎರಡು ಕುಳಿಗಳು, ನಡುವಿನ ಅಂತರ ಸುಮಾರು ಐದು ಇಂಚು. ಇನ್ನೊಂದು ರಟ್ಟಿನ ಮೇಲೆ ಅವರು ಕೂತರು, ಅದು ನಾಲ್ಕೂವರೆ. ಒಂದೂಕಾಲು ಇಂಚು ದಪ್ಪದ ಚೆರ್ರಿ ಹಲಗೆಗೆ ಆಕೆಯ ಗುರುತು ದಾಟಿಸಿ, ಬಾಗಿದ ಬಾಯಿಯ ಉಳಿಯಿಂದ ಆ ಎರಡು ಕಡೆ ತೋಡಿದರು. ಸುರುಳಿ ಸುರುಳಿ ಹೊಟ್ಟು ಬಿತ್ತು. ತೊಡೆಯ ಹಿಂಭಾಗ ತಾಗುವ ಮುಂದಂಚನ್ನು ಎರಡು ಹಿಡಿಯ ಚಿಕ್ಕ ಕೀಸುಳಿ ಹಿಡಿದು ಗುಂಡಗೆ ಮಾಡಿದರು. ಆ ಅಂಚು ಚೂಪಾಗಿದ್ದರೆ ರಕ್ತ ಓಡಾಡದೆ ಕಾಲು ಜೋಮು ಹಿಡಿಯುತ್ತದೆ. ಉಪ್ಪು ಕಾಗದ ತಿಕ್ಕುವ ಮೊದಲು ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುತ್ತಿದ್ದರು. ತೋಡಿದ ಕುಳಿಯಲ್ಲಿ ಮಳೆನೀರು ನಿಲ್ಲುತ್ತದೆಂದು ಕೊನೆಗೆ ಪ್ರತಿ ಕುಳಿಗೂ ಒಂದು ತೂತು. ಗಟ್ಟಿ ಮರ ಬೇಕೆಂದವರ ಆಸನಕ್ಕೂ ತೂತು ತಪ್ಪಲಿಲ್ಲ.

*

ತಕರಾರು ಎದ್ದದ್ದು ಆಮೇಲೆ. ಒಬ್ಬರೇ ಹೋಗುವಾಗ ಹಿಂದಿನ ಆಸನದಲ್ಲಿ ಕೂತರೆ ದೋಣಿಯ ಮೂತಿ ಮೇಲೆದ್ದು, ಗಾಳಿ ಅದನ್ನು ಬೇಕಾದ ಕಡೆಗೆ ತಿರುಗಿಸುತ್ತದೆ. ಅದಕ್ಕೆ ಇಲ್ಲಿನವರದೊಂದು ಉಪಾಯ. ದೋಣಿಯ ಎರಡು ತುದಿಯೂ ಒಂದೇ ಆಕಾರದವು ತಾನೇ. ಮುಂದಿನವರಿಗೆ ಕಾಲು ಚಾಚಲು ಜಾಗ ಬೇಕೆಂದು ಮುಂದಿನ ಆಸನವನ್ನು ತುದಿಯಿಂದ ದೂರ, ನಡುವಿಗೆ ಹತ್ತಿರ ಇಟ್ಟಿರುತ್ತಾರೆ. ಒಂಟಿಯಾದವನು ಆ ಆಸನದ ಮೇಲೆ ಹಿಂದುಮುಂದಾಗಿ ಕೂತು, ಹಿಂದನ್ನೇ ಮುಂದೆ ಮಾಡಿಕೊಂಡು ಹೊರಡುತ್ತಾನೆ. ಆ ಆಸನ ಮಟ್ಟಸವಾಗಿರುವುದು ಇದಕ್ಕೇ. ವಾಲಿಸಿದ್ದರೆ ತಿರುಗಿ ಕೂತವನ ತೊಡೆಗೆ ಎತ್ತರದ ಅಂಚು ಚುಚ್ಚುತ್ತಿತ್ತು.

ಯಜಮಾನರು ವಾರದಲ್ಲಿ ಎಷ್ಟೋ ಸಲ ಒಬ್ಬರೇ ಹೋಗುವವರು. ಅಂದರೆ ಆಕೆಯ ಆಸನದ ಮೇಲೆ ಇವರು, ಅದೂ ತಿರುಗುಮುರುಗಾಗಿ. ಆಕೆಯ ಮೂಳೆಗೆ ಒಪ್ಪವಾಗಿ ತೋಡಿದ ಕುಳಿಗಳ ನಡುವಿನ ದಿಬ್ಬ ಇವರಿಗೆ ಎಲ್ಲಿ ಬೇಡವೋ ಅಲ್ಲೇ ಬಂತು. ದಿಬ್ಬ ತಗ್ಗಿಸಿ ಹಿಂದಂಚನ್ನೂ ಗುಂಡಗೆ ಮಾಡಿದರು. ಈಗ ಆಕೆಗೆ ಹಿತ ಕಡಿಮೆ. ಇನ್ನೊಂದಿಷ್ಟು ಕೆತ್ತಿದರೆ ಇಬ್ಬರಿಗೂ ಸರಿಹೋದೀತು ಅನ್ನುತ್ತಾರೆ. ನನಗೆ ಕಾಣುವುದೇ ಬೇರೆ. ಕೆತ್ತಿದಷ್ಟೂ ಅದು ಚಪ್ಪಟೆ ಹಲಗೆಯಾಗುತ್ತಿದೆ, ನಮ್ಮ ಮಣೆಗೆ ಹತ್ತಿರ ಬರುತ್ತಿದೆ.

*

ದೋಣಿಯ ನಟ್ಟನಡುವೆ ಇನ್ನೊಂದು ಅಡ್ಡಮರವಿದೆ. ಅದು ಆಸನವಲ್ಲ, ನೊಗ. ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಕಾಡುದಾರಿಯಲ್ಲಿ ಮೂವತ್ತು ಚಿಲ್ಲರೆ ಕಿಲೋ ದೋಣಿಯನ್ನು ಬೋರಲು ಹಾಕಿ ಒಬ್ಬರೇ ಹೆಗಲ ಮೇಲೆ ಹೊರುತ್ತಾರೆ. ಕುತ್ತಿಗೆಗೆ ಬಳಸು ಕೊಟ್ಟು, ಹೆಗಲಿಗೆ ಬಾಗು ಕೊಟ್ಟು ಎಷ್ಟು ಚೆನ್ನಾಗಿ ಕೆತ್ತಿದ್ದಾರೆಂದರೆ, ಅದಕ್ಕೆ ಕುತ್ತಿಗೆ ಕೊಟ್ಟು ನೋಡಿದ ನನಗೆ ತೆಗೆಯಲು ಮನಸ್ಸಾಗಲಿಲ್ಲ. ಕೂರುವ ಮರಕ್ಕಿಂತ ಹೊರುವ ಮರವೇ ಹಿತವಾಗಿದೆ ಅಂದೆ. ಹೊರುವಾಗ ಕೊರಳು ಅಲ್ಲಾಡುವುದಿಲ್ಲ, ಕೂತವರು ಗಳಿಗೆಗೊಮ್ಮೆ ಮಿಸುಕುತ್ತಾರೆ ಅಂದರು. ಇಷ್ಟು ದಿನದಲ್ಲಿ ನನ್ನ ತಲೆಗೆ ಹತ್ತಿದ ಉತ್ತರ ಇದೊಂದೇ.

*

ಎರಡೂ ಆಸನ ನೇತುಹಾಕಿ ಆಯಿತು. ನೇತುಹಾಕಿದ್ದು ಅನ್ನುವುದು ಸರಿ. ಆಸನ ತಳಕ್ಕೆ ತಾಗುವುದಿಲ್ಲ, ಅಂಚುಪಟ್ಟಿಯಿಂದ ಬೋಲ್ಟುಗಳ ಮೇಲೆ ಜೋತಾಡುತ್ತದೆ. ಬೋಲ್ಟಿನ ತುದಿಗಳು ಕೆಳಗೆ ಎರಡೆರಡು ಇಂಚು ಚಾಚಿಕೊಂಡಿವೆ. ಇನ್ನೂ ಕತ್ತರಿಸಿಲ್ಲ, ಕತ್ತರಿಸಬೇಡಿ ಎಂದು ಆಕೆ ಚೀಟಿ ಅಂಟಿಸಿದ್ದಾರೆ. ಉದ್ದ ಬೋಲ್ಟಿನಲ್ಲಿ ಆಸನವನ್ನು ಮೇಲೂ ತರಬಹುದು, ಕೆಳಗೂ ಇಳಿಸಬಹುದು. ಕತ್ತರಿಸಿದ ಮೇಲೆ ಇಳಿಸಲು ಬರುವುದಿಲ್ಲ.

ದೋಣಿಯನ್ನು ಹುಲ್ಲಿನ ಮೇಲಿಟ್ಟು ನನ್ನನ್ನೂ ಕೂರಿಸಿ ಹೇಗಿದೆ ಎಂದು ಕೇಳಿದರು. ಚೌಕಟ್ಟಿನ ಅಂಚು ಹಿಮ್ಮಡಿಗೆ ಒತ್ತುತ್ತದೆ ಅಂದೆ. ಬೆತ್ತದ ಮೇಲೆ ಹಿಮ್ಮಡಿ ಯಾಕೆ ಬಂತು ಎಂದು ಇಬ್ಬರೂ ಬಗ್ಗಿ ನೋಡಿದರು. ನಾನು ಚಕ್ಕಂಬಕ್ಕಳ ಹಾಕಿ ಕೂತಿದ್ದೆ. ಈ ಅಭಿಪ್ರಾಯವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ ಎಂದು ಯಜಮಾನರ ತೀರ್ಪಾಯಿತು. ಆಕೆ ಮಾತ್ರ ಆ ಅಂಚನ್ನು ಬೆರಳಿನಿಂದ ಸವರಿ, ಉಪ್ಪು ಕಾಗದ ಎಲ್ಲಿದೆ ಎಂದು ಕೇಳಿದರು.