ತೀರ್ಪು ನಮ್ಮ ಪರವಾದಾಗ



ಆಟದ ಮೈದಾನದಲ್ಲಿ ಕೊಡುವ ತೀರ್ಪಿಗೂ ನಾವು ಇಲ್ಲಿ ಚಿಂತನೆ ಮಾಡುವ ವಿಷಯಗಳಿಗೂ ಏನು ಸಂಬಂಧವೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಪಟ್ಟದಕಲ್ಲಿನಂತಹ ಊರುಗಳಲ್ಲಿಯೂ ಇಂದು ಯುವಕರು ಆವೇಶದಿಂದ ವಾದಿಸುವ ಸಂಗತಿಗಳಲ್ಲಿ ಇದೂ ಒಂದು. ಔಟ್ ಹೌದೋ ಅಲ್ಲವೋ, ಗೋಲು ನ್ಯಾಯವೋ ಅನ್ಯಾಯವೋ ಎಂದು ಒಂದೇ ದೃಶ್ಯವನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಹತ್ತು ಸಲ ನೋಡುತ್ತಾರೆ, ಹತ್ತು ಸಲವೂ ಜಗಳವಾಡುತ್ತಾರೆ. ಈ ವಾದಗಳನ್ನು ಬಹಳ ವರ್ಷಗಳಿಂದ ಆಲಿಸುತ್ತ ಬಂದ ನನಗೆ ಒಂದು ಅಂಶ ಮನಸ್ಸಿಗೆ ನಾಟಿದೆ. ತೀರ್ಪನ್ನು ಮರಳಿ ಪರಿಶೀಲಿಸಿರೆಂದು ಕೇಳುವವನು ಬಹುತೇಕ ಯಾವಾಗಲೂ ಕಳೆದುಕೊಂಡವನೇ ಆಗಿರುತ್ತಾನೆ. ತಪ್ಪು ತೀರ್ಪಿನಿಂದ ಪಡೆದವನು ಮೌನವಾಗಿರುತ್ತಾನೆ.

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲದೆ ಸಮನಾಗಿದ್ದವು. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಅಡ್ಡಗೋಡೆಯಾಗಿ ನಿಲ್ಲಲು ಇನ್ನೂ ಸಿದ್ಧರಾಗುತ್ತಿದ್ದಾಗಲೇ ಸುನಿಲ್ ಛೆಟ್ರಿಯವರು ಚೆಂಡನ್ನು ಗೋಲಿಗೆ ಸೇರಿಸಿದರು. ಎದುರಾಳಿಗಳು ಸಜ್ಜಾಗುವ ಮೊದಲೇ ಹಾಗೆ ಶೀಘ್ರವಾಗಿ ಒದೆಯಲು ಆಟದ ನಿಯಮವು ಅವಕಾಶ ಕೊಡುತ್ತದೆ. ಆದರೆ ರೆಫರಿಯು ತಡೆಯಲು ಸೂಚಿಸಿದ್ದರೆ ಕೊಡುವುದಿಲ್ಲ. ವಿವಾದ ಹುಟ್ಟಿದ್ದು ಇಲ್ಲಿಯೇ. ರೆಫರಿ ಗೋಲು ಕೊಟ್ಟರು. ವಿಡಿಯೊ ನೋಡಿ ಮರುತೀರ್ಮಾನ ಮಾಡುವ ವ್ಯವಸ್ಥೆ ಆಗ ಆ ಲೀಗಿನಲ್ಲಿ ಇರಲಿಲ್ಲ. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯು ಕೇರಳದ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಆ ಗೋಲು ಸರಿಯೋ ತಪ್ಪೋ ಎಂದು ತೀರ್ಪು ಹೇಳಲು ನಾನು ಹೊರಟಿಲ್ಲ. ನಮ್ಮ ಕಡೆಯ ಹುಡುಗರು ಬೆಂಗಳೂರಿನ ಪರವಾಗಿಯೇ ವಾದಿಸಿದರು. ಅದೇ ಗೋಲು ಬೆಂಗಳೂರಿನ ವಿರುದ್ಧ ಬಿದ್ದಿದ್ದರೆ ಅದೇ ಹುಡುಗರು ಏನೆನ್ನುತ್ತಿದ್ದರೆಂದು ನಾನು ಕೇಳಿದಾಗ ಅವರು ನಕ್ಕರು, ಉತ್ತರ ಕೊಡಲಿಲ್ಲ.

ಕ್ರಿಕೆಟ್ಟಿನಲ್ಲಿ ಯಂತ್ರಗಳು ಬಂದ ಬಗೆಯನ್ನೂ ನೋಡೋಣ. 2008ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ನಡೆದಾಗ ನಮ್ಮ ಅನಿಲ್ ಕುಂಬ್ಳೆಯವರೇ ಭಾರತದ ನಾಯಕರು. ಮೊದಲ ದಿನ ಆಸ್ಟ್ರೇಲಿಯದ ಸೈಮಂಡ್ಸ್ ಅವರ ಬ್ಯಾಟಿಗೆ ತಗುಲಿದ ಚೆಂಡನ್ನು ಕೀಪರ್ ಹಿಡಿದರೂ ಅಂಪೈರ್ ಔಟ್ ಕೊಡಲಿಲ್ಲ. ಆಗ 30 ಓಟ ಗಳಿಸಿದ್ದ ಅವರು ಔಟಾಗದೆ 162ಕ್ಕೆ ಮುಟ್ಟಿದರು. ಕೊನೆಯ ದಿನ ಬ್ಯಾಟಿಗೆ ತಾಗದೆ ಪ್ಯಾಡಿಗೆ ಬಡಿದ ಚೆಂಡಿಗೆ ರಾಹುಲ್ ದ್ರಾವಿಡರು ಔಟೆನಿಸಿಕೊಂಡರು. ಭಾರತ 122 ಓಟಗಳಿಂದ ಸೋತಿತು. ಅದೇ ವರ್ಷ ಶ್ರೀಲಂಕಾದಲ್ಲಿ ಕುಂಬ್ಳೆಯವರ ನಾಯಕತ್ವದಲ್ಲಿಯೇ ತೀರ್ಪಿನ ಮರುಪರಿಶೀಲನಾ ಪದ್ಧತಿಯ ಪ್ರಯೋಗ ನಡೆಯಿತು. ಭಾರತವು ಬಹುಕಾಲ ಅದನ್ನು ಒಪ್ಪದೆ, 2016ರಲ್ಲಿ ಒಪ್ಪಿಕೊಂಡಿತು. ಇಂದು ಚೆಂಡಿನ ಸಣ್ಣ ಸದ್ದನ್ನೂ ಯಂತ್ರ ಹಿಡಿಯುತ್ತದೆ. ಆದರೂ ಚೆಂಡು ವಿಕೆಟ್ಟಿಗೆ ಅಂಚಿನಲ್ಲಷ್ಟೇ ತಾಗುವುದೆಂದು ಯಂತ್ರ ತೋರಿಸಿದಾಗ, ಮೈದಾನದ ಅಂಪೈರ್ ಹೇಳಿದ್ದೇ ಉಳಿಯುತ್ತದೆ. ಯಂತ್ರವನ್ನು ತಂದವರೇ ಅದರ ಮಿತಿಯನ್ನು ಅರಿತು ಈ ನಿಯಮ ಮಾಡಿದರು. ಇಷ್ಟೆಲ್ಲ ವ್ಯವಸ್ಥೆ ಬಂದ ಮೇಲೆಯೂ ತನಗೆ ಅನ್ಯಾಯವಾಗಿ ಬಂದ ಲಾಭವನ್ನು ಪರಿಶೀಲಿಸಿರೆಂದು ಕೇಳುವವರು ಕಾಣುವುದಿಲ್ಲ.

ಹಾಗೆ ಕೇಳಿದವರೇ ಇಲ್ಲವೇ? ಇದ್ದಾರೆ. ಅಮೆರಿಕದಲ್ಲಿ ಕಾಲೇಜುಗಳ ನಡುವೆ ನಡೆಯುವ ಅವರದೇ ಬಗೆಯ ಫುಟ್‌ಬಾಲಿನಲ್ಲಿ, ಚೆಂಡನ್ನು ಹತ್ತು ಗಜ ಮುಂದೊಯ್ಯಲು ತಂಡಕ್ಕೆ ನಾಲ್ಕು ಅವಕಾಶಗಳು ಮಾತ್ರ ಇರುತ್ತವೆ. 1940ರ ನವೆಂಬರ್ 16ರಂದು ಡಾರ್ಟ್‌ಮತ್ ಕಾಲೇಜಿನ ವಿರುದ್ಧ ಆಡುತ್ತಿದ್ದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ರೆಫರಿಯು ಎಣಿಕೆ ತಪ್ಪಿ ಐದನೆಯ ಅವಕಾಶ ಕೊಟ್ಟರು. ಕೊನೆಯ ಕ್ಷಣಗಳಲ್ಲಿ ಅದೇ ಅವಕಾಶದಿಂದ ಅಂಕ ಗಳಿಸಿ ಕಾರ್ನೆಲ್ 7-3ರಿಂದ ಗೆದ್ದಿತು. ಆ ವರ್ಷ ಅದುವರೆಗೆ ಸೋಲನ್ನೇ ಕಾಣದ ತಂಡವದು. ಪಂದ್ಯದ ಚಿತ್ರಸುರುಳಿಯನ್ನು ನೋಡಿದಾಗ ತಪ್ಪು ಸ್ಪಷ್ಟವಾಯಿತು. ಮುಗಿದ ಪಂದ್ಯದ ಫಲಿತಾಂಶವನ್ನು ಬದಲಿಸುವ ಅಧಿಕಾರ ರೆಫರಿಗೆ ಇರಲಿಲ್ಲ. ಆಗ ಕಾರ್ನೆಲ್ ತಾನಾಗಿಯೇ ತಂತಿ ಕಳುಹಿಸಿ ಗೆಲುವನ್ನು ಬಿಟ್ಟುಕೊಟ್ಟಿತು. ಡಾರ್ಟ್‌ಮತ್ 3-0ರಿಂದ ಗೆದ್ದಿತೆಂದು ದಾಖಲಾಯಿತು. ಐವತ್ತು ವರ್ಷಗಳ ನಂತರ, 1990ರ ಅಕ್ಟೋಬರ್ 6ರಂದು, ಮಿಸೌರಿಯ ವಿರುದ್ಧ ಕೊಲೊರಾಡೊ ತಂಡಕ್ಕೂ ಇದೇ ರೀತಿ ಐದನೆಯ ಅವಕಾಶ ದೊರೆತು, ಅದು 33-31ರಿಂದ ಗೆದ್ದಿತು. ಅದು ಗೆಲುವನ್ನು ಬಿಡಲಿಲ್ಲ. ಆ ವರ್ಷದ ರಾಷ್ಟ್ರೀಯ ಅಗ್ರಸ್ಥಾನದಲ್ಲಿಯೂ ಪಾಲು ಪಡೆಯಿತು. ತಪ್ಪು ಎರಡೂ ಕಡೆ ಒಂದೇ. ಪಡೆದವರು ನಡೆದುಕೊಂಡ ರೀತಿ ಮಾತ್ರ ಬೇರೆ.

ಇದಕ್ಕಾಗಿ ಅಮೆರಿಕಕ್ಕೇ ಹೋಗಬೇಕಾಗಿಲ್ಲ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ಫೆಬ್ರವರಿ 16ರಂದು ಸೂರ್ಯಗ್ರಹಣವೆಂದು ಆ ದಿನ ಆಟಕ್ಕೆ ಬಿಡುವು ಕೊಟ್ಟಿದ್ದರು. ಗ್ರಹಣದ ಆ ಮಧ್ಯಾಹ್ನ ನಮ್ಮ ಭಾಗದಲ್ಲಿ ಹಗಲು ಮಂಕಾಗಿ, ಹಕ್ಕಿಗಳು ಗೂಡಿಗೆ ಹೊರಟದ್ದನ್ನು ಕಂಡವನು ನಾನು. ಭಾರತದ ನಾಯಕರಾಗಿದ್ದವರು ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ಸಂಕಷ್ಟದಲ್ಲಿದ್ದಾಗ ಬಾಬ್ ಟೇಲರ್ ಕೀಪರಿಗೆ ಕ್ಯಾಚಿತ್ತು ಔಟೆಂದು ಅಂಪೈರ್ ಹೇಳಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಚಿತವಾಗಿತ್ತು. ಅವರು ಅಂಪೈರಿನೊಡನೆ ಮಾತನಾಡಿ ಟೇಲರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಕೂಡಿ 171 ಓಟಗಳ ಜೊತೆಯಾಟವಾಡಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥರು ಟೆಸ್ಟ್ ನಾಯಕರಾದದ್ದು ಎರಡೇ ಪಂದ್ಯಗಳಲ್ಲಿ, ಇದು ಎರಡನೆಯದು. ಆ ಪಂದ್ಯದಲ್ಲಿ ಮರುಪರಿಶೀಲನೆಯ ಯಂತ್ರವಿರಲಿಲ್ಲ, ಎದುರಾಳಿ ತಂಡ ಬೇಡಿರಲೂ ಇಲ್ಲ. ಪಡೆದವನ ಅಂತಃಸಾಕ್ಷಿಯೇ ಮರುಪರಿಶೀಲನೆ ಮಾಡಿತು. ಅದರ ಬೆಲೆಯನ್ನೂ ಅವರೇ ತೆತ್ತರು.

ನಮ್ಮೂರಿನ ವಿರೂಪಾಕ್ಷ ದೇವಾಲಯಕ್ಕೆ ನಿತ್ಯವೂ ಪ್ರವಾಸಿಗಳು ಬರುತ್ತಾರೆ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದಳೆಂದು ಮಾರ್ಗದರ್ಶಿಗಳು ಅವರಿಗೆ ಹೇಳುತ್ತಾರೆ. ಆದರೆ ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಇದೇ ದೊರೆಯ ಕನ್ನಡ ಶಾಸನವೊಂದಿದೆ. ಗೆದ್ದವನು ಆ ದೇವಾಲಯದ ಸಂಪತ್ತನ್ನು ಕೊಂಡೊಯ್ಯದೆ ದೇವರಿಗೇ ಮರಳಿ ಒಪ್ಪಿಸಿದನೆಂದು ಅದು ತಿಳಿಸುತ್ತದೆ. ಗೆಲುವಿನ ಗುರುತು ನಮ್ಮೂರಿನಲ್ಲಿದೆ, ಬಿಟ್ಟುಕೊಟ್ಟುದರ ಗುರುತು ಸೋತವರ ಊರಿನಲ್ಲಿದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ತಮಗೆಲ್ಲ ತಿಳಿದದ್ದೇ. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಆ ಅಕ್ಕಿಯನ್ನು ಕದ್ದದ್ದೆಂದು ಯಾರೂ ದೂರಿರಲಿಲ್ಲ, ಕೇಳಲು ಯಾರೂ ಬಂದಿರಲಿಲ್ಲ. ಆದರೂ ತಮ್ಮ ಕಾಯಕಕ್ಕೆ ಸಲ್ಲದ್ದು ತಮ್ಮದಲ್ಲವೆಂಬುದನ್ನು ಅವಳು ತಾನೇ ಅರಿತಿದ್ದಳು.

ಮಲಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಹೊಲದ ಬದುವಿನ ವ್ಯಾಜ್ಯಗಳಿಗೆ ಕೊರತೆಯಿಲ್ಲ. ಹಿರಿಯರೊಡನೆ ಅಂತಹ ಹಲವು ಪಂಚಾಯಿತಿಗಳಲ್ಲಿ ನಾನು ಕುಳಿತಿದ್ದೇನೆ. ಅಳತೆಗೆ ಅರ್ಜಿ ಕೊಟ್ಟವನು ಪ್ರತಿ ಸಲವೂ ಭೂಮಿ ಕಳೆದುಕೊಂಡೆನೆಂದು ಎಣಿಸಿದವನೇ. ನಾನು ಬಲ್ಲ ಇಬ್ಬರು ದಾಯಾದಿಗಳು ಒಂದು ಗಡಿಕಲ್ಲಿನ ಸಲುವಾಗಿ ವರ್ಷಗಳಿಂದ ಮಾತು ಬಿಟ್ಟಿದ್ದಾರೆ. ಮನೆಯ ಮದುವೆಗೂ ಮರಣಕ್ಕೂ ಒಬ್ಬರು ಬಂದರೆ ಇನ್ನೊಬ್ಬರಿಲ್ಲ. ಕಲ್ಲು ಯಾವ ಕಡೆಗೆ ಸರಿದಿದೆಯೆಂಬುದು ಇಬ್ಬರಿಗೂ ಗೊತ್ತು. ನ್ಯಾಯಾಲಯವು ಒಂದು ದಿನ ತೀರ್ಪು ಕೊಡುತ್ತದೆ, ಕಲ್ಲೂ ಸರಿಹೋಗಬಹುದು. ಆದರೆ ಪಡೆದವನು ತಾನಾಗಿ ಬಂದು ಕಲ್ಲನ್ನು ಹಿಂದಕ್ಕೆ ಇಟ್ಟಿದ್ದರೆ ಉಳಿಯಬಹುದಾಗಿದ್ದ ಸಂಬಂಧವನ್ನು ಯಾವ ತೀರ್ಪೂ ಮರಳಿ ಕೊಡಲಾರದು.

ಆದಕಾರಣ ಬಂಧುಗಳೇ, ಅನ್ಯಾಯವಾದಾಗ ನ್ಯಾಯ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ತೀರ್ಪು ನಮ್ಮ ಪರವಾಗಿ ಬಂದು ಸುತ್ತಲಿನವರು ಅಭಿನಂದಿಸುವಾಗ, ಇದು ನಮಗೆ ಸಲ್ಲತಕ್ಕದ್ದೇ ಎಂದು ಒಮ್ಮೆ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಸಲ್ಲದ್ದಾದರೆ, ಇನ್ನೊಬ್ಬರು ಕೇಳುವ ಮೊದಲೇ ಮರಳಿ ಕೊಡೋಣ.