ಅಪ್ಪನ ಕಾರಿಗೆ ಬಣ್ಣ ಹೊಡೆದದ್ದು

ನಮ್ಮಪ್ಪನ 1998ರ ಮಾರುತಿ 800 ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್ ಇನ್ನೂ ಗಟ್ಟಿಮುಟ್ಟು. ಒಳಗಿನ ಪ್ಲಾಸ್ಟಿಕ್ ಮಾತ್ರ ಬಿಸಿಲಿಗೆ ಬೆಳ್ಳಗಾಗಿ ಬೂದಿ ಬಳಿದ ಹಾಗಿತ್ತು. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಹೊಸ ಪೀಸು ಹುಡುಕುತ್ತಾ ಅಲೆಯೋದಕ್ಕಿಂತ ನಾನೇ ಬಣ್ಣ ಹೊಡೆಯೋಣ ಅಂತ ಹೊರಟೆ.

ಮೊದಲ ಸಲ ಶುದ್ಧ ಸೋಮಾರಿತನ ಮಾರಾಯ್ರೆ. ಬಟ್ಟೆಯಲ್ಲಿ ಧೂಳು ಒರೆಸಿ ಸ್ಪ್ರೇ ಹೊಡೆದೆ. ವಾರದಲ್ಲೇ ಉಗುರು ತಾಗಿದ ಕಡೆಯೆಲ್ಲ ಸಿಪ್ಪೆಯಂತೆ ಎದ್ದು ಬಂತು! ವರ್ಷಗಟ್ಟಲೆ ಹಚ್ಚಿದ ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಜಿಡ್ಡು ಹೋಗದಿದ್ದರೆ ಬಣ್ಣ ಕೂರೋದಿಲ್ಲ. ಪಾಲಿಪ್ರೊಪಿಲೀನ್ ಆದರಂತೂ ಮೊದಲು ಅಡ್‌ಹೀಶನ್ ಪ್ರಮೋಟರ್ ಬೇಕೇ ಬೇಕು.

ಎರಡನೇ ಸಲ ಎಲ್ಲ ಬಿಚ್ಚಿ, ಸೋಪುನೀರಲ್ಲಿ ತಿಕ್ಕಿ, 600 ನಂಬರಿನ ವಾಟರ್ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಆಮೇಲೆ ಪ್ರಮೋಟರ್, ಅದರ ಮೇಲೆ ತೆಳ್ಳಗೆ ಮೂರು ಕೋಟು. ದಪ್ಪಗೆ ಹೊಡೆದರೆ ಸೋರಿ ಇಳಿಯುತ್ತೆ. ಈ ಸಲ ಕೂತಿತು!

ಕೊನೆಗೆ ಉಳಿದದ್ದು ಡ್ರೈವರ್ ಬಾಗಿಲಿನ ಹಿಡಿ. ಅಪ್ಪನ ಹೆಬ್ಬೆರಳು ತಾಗಿ ತಾಗಿ ಅಲ್ಲೊಂದು ಕಡೆ ನುಣ್ಣಗೆ ಹೊಳೆಯುತ್ತೆ. ವಾಟರ್ ಪೇಪರ್ ಹಿಡಿದು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ನಾಲ್ಕು ಸಲ ಉಜ್ಜಿದರೆ ಅದು ಇರೋದಿಲ್ಲ...

ಹಾಗೇ ಬಿಟ್ಟುಬಿಟ್ಟೆ.

"ಇದೊಂದು ಯಾಕೋ ಮರೆತೆ?" ಅಂತ ಅಮ್ಮ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಹತ್ತಿರ ಬಂದು ಅದರ ಮೇಲೆ ಬೆರಳಾಡಿಸಿದಳು. ಮತ್ತೆ ಕೇಳಲಿಲ್ಲ.

ನಿಮ್ಮ ಮನೆಯ ಹಳೇ ಗಾಡಿಯಲ್ಲೂ ಹೀಗೊಂದು ಜಾಗ ಇದೆಯಾ?